ಎಫ್‌ಐಆರ್‌ನಲ್ಲಿ ತಪ್ಪು ಬರೆದಿದ್ದರೆ ಕೇಸು ಬಿದ್ದುಹೋಗುತ್ತದೆಯೇ?

ಪ್ರಶ್ನೆ: ಹೋದ ತಿಂಗಳು ರಾತ್ರಿ ನನ್ನ ಅಣ್ಣ ಬೈಕಿನಲ್ಲಿ ಬರುತ್ತಿದ್ದಾಗ ಹಿಂದಿನಿಂದ ಕಾರೊಂದು ಗುದ್ದಿ, ನಿಲ್ಲಿಸದೆ ಹೊರಟುಹೋಯಿತು. ಅಣ್ಣನ ಎಡಗಾಲಿನ ಮೂಳೆ ಮುರಿದು ಆಪರೇಷನ್ ಆಗಿದೆ. ಹಿಂದೆ ಕೂತಿದ್ದ ಅವನ ಸ್ನೇಹಿತನಿಗೆ ತರಚು ಗಾಯ. ಕಾರಿನ ನಂಬರ್ ನೋಡಿಕೊಂಡವನು ಅವನೇ. ಆಸ್ಪತ್ರೆ ಓಡಾಟ ಮುಗಿಸಿ ಮೂರನೇ ದಿನ ನಾನು ಠಾಣೆಗೆ ಹೋದೆ. ನಾನು ಹೇಳುತ್ತಾ ಹೋದೆ, ರೈಟರ್ ಬರೆದುಕೊಂಡರು, ಸಹಿ ಹಾಕಿದೆ. ಮನೆಗೆ ಬಂದು ಓದಿದರೆ ಬೂದು ಬಣ್ಣದ ಕಾರು ಬಿಳಿ ಆಗಿದೆ, ಸ್ನೇಹಿತನ ಹೆಸರೇ ಇಲ್ಲ. ನಂಬರ್ ಮಾತ್ರ ಸರಿಯಿದೆ. ಎಫ್‌ಐಆರ್ ತಿದ್ದಿಸಬಹುದೇ ಸರ್? ಇನ್ಶೂರೆನ್ಸ್‌ನವರು ‘ಪೊಲೀಸ್ ರಿಪೋರ್ಟ್ ತನ್ನಿ’ ಎನ್ನುತ್ತಾರೆ, ಅದು ಇದೇನಾ? ಕಾರಿನವರು ಬೇರೆ ‘ಬಿ ರಿಪೋರ್ಟ್ ಹಾಕಿಸುತ್ತೇವೆ, ಏನು ಮಾಡ್ಕೋತೀರೋ ಮಾಡ್ಕೊಳ್ಳಿ’ ಎಂದು ಹೆದರಿಸುತ್ತಿದ್ದಾರೆ.

ಉತ್ತರ: ಎಫ್‌ಐಆರ್ ತಿದ್ದಲು ಬರುವುದಿಲ್ಲ. ತಿದ್ದಿಸುವ ಅಗತ್ಯವೂ ಇಲ್ಲ. ಕಾರಿನ ಬಣ್ಣದ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಸ್ನೇಹಿತನ ಹೆಸರು ಬಿಟ್ಟುಹೋಗಿದೆ ಎಂಬುದನ್ನು ನೀವು ಬಣ್ಣದ ಪಕ್ಕದಲ್ಲಿ ಇನ್ನೊಂದು ಸಣ್ಣ ತಪ್ಪು ಎಂಬಂತೆ ಬರೆದಿದ್ದೀರಲ್ಲ, ನನ್ನ ಕಣ್ಣು ನಿಂತದ್ದು ಅಲ್ಲಿ.

ಎಫ್‌ಐಆರ್‌ಗೆ ಕನ್ನಡದಲ್ಲಿ ‘ಪ್ರಥಮ ವರ್ತಮಾನ ವರದಿ’ ಎನ್ನುತ್ತಾರೆ. ವರ್ತಮಾನ ಅಂದರೆ ಸುದ್ದಿ. ಒಂದು ಅಪರಾಧದ ಸುದ್ದಿ ಠಾಣೆಗೆ ಯಾವಾಗ, ಯಾರಿಂದ, ಯಾವ ಮಾತಿನಲ್ಲಿ ಬಂತು ಎನ್ನುವ ದಾಖಲೆ ಅದು. ರಸ್ತೆಯಲ್ಲಿ ಏನು ನಡೆಯಿತು ಎನ್ನುವುದಕ್ಕೆ ಅದು ಪ್ರಮಾಣಪತ್ರವಲ್ಲ. ನಾವು ವಕೀಲರು ಎಫ್‌ಐಆರ್ ಕೈಗೆ ಬಂದಾಗ ಕಥೆಯನ್ನು ಮೊದಲು ಓದುವುದಿಲ್ಲ. ಮೊದಲು ನೋಡುವುದು ಹೊತ್ತು: ಘಟನೆ ನಡೆದ ದಿನ ಮತ್ತು ಸಮಯ, ಠಾಣೆಗೆ ತಿಳಿದ ಸಮಯ, ನಡುವೆ ತಡವಾಗಿದ್ದರೆ ಕಾರಣ ಬರೆಯುವ ಕಲಂನಲ್ಲಿ ಏನಿದೆ, ನ್ಯಾಯಾಲಯಕ್ಕೆ ಯಾವಾಗ ರವಾನೆಯಾಯಿತು. ಬೆಲೆಯೆಲ್ಲ ಇರುವುದು ಆ ಗಡಿಯಾರದಲ್ಲಿ. ಇಷ್ಟು ಹೊತ್ತಿಗೆ ಇಷ್ಟು ಮಾತು ಹೊರಬಿದ್ದಿತ್ತು, ಆಮೇಲೆ ಕೂತು ಹೆಣೆದದ್ದಲ್ಲ ಎಂದು ತೋರಿಸುವುದೇ ಅದರ ಮುಖ್ಯ ಕೆಲಸ.

ತಿದ್ದಲು ಬಾರದಿರುವುದೂ ಇದೇ ಕಾರಣಕ್ಕೆ. ನೀವು ಸಹಿ ಹಾಕಿದ ಮೇಲೆ ಠಾಣೆಯವರು ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಬಣ್ಣ ತಿದ್ದಿದ ಇನ್ನೊಂದು ಪ್ರತಿ ಹುಟ್ಟಿಕೊಂಡರೆ, ಕೋರ್ಟಿನಲ್ಲಿರುವ ಪ್ರತಿಗೂ ಅದಕ್ಕೂ ತಾಳೆಯಾಗುವುದಿಲ್ಲ. ಎದುರು ವಕೀಲರಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಿಲ್ಲ. ಒಂದೇ ಘಟನೆಗೆ ಅದೇ ಕಡೆಯವರಿಂದ ಎರಡನೇ ಎಫ್‌ಐಆರ್ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಟಿ.ಟಿ. ಆಂಟನಿ ಪ್ರಕರಣದಲ್ಲಿ, 2001ರಲ್ಲೇ ಹೇಳಿದೆ. ಹಾಗಾಗಿ ‘ಹಳೇದು ಹರಿದು ಹೊಸದು ಬರೆದುಕೊಡ್ತೀವಿ’ ಎಂದು ಯಾರಾದರೂ ಉಪಕಾರದ ಧಾಟಿಯಲ್ಲಿ ಹೇಳಿದರೆ ಕೈಮುಗಿದು ಬೇಡ ಅನ್ನಿ.

ಈಗ ನಿಮಗೆ ಸ್ವಲ್ಪ ಕಹಿಯಾದ ಮಾತು. ಅಪಘಾತ ನಡೆದಾಗ ನೀವು ಅಲ್ಲಿರಲಿಲ್ಲ. ಎಫ್‌ಐಆರ್‌ನಲ್ಲಿರುವುದು ನಿಮ್ಮ ಮಾತು. ಎಫ್‌ಐಆರ್ ಸ್ವತಃ ಸಾಕ್ಷ್ಯವಲ್ಲ. ಬರೆಸಿದವರು ಕಟಕಟೆಗೆ ಬಂದು ಹೇಳುವ ಮಾತನ್ನು ಬೆಂಬಲಿಸಲು ಅಥವಾ ಸುಳ್ಳೆಂದು ತೋರಿಸಲು ಮಾತ್ರ ಅದು ಬಳಕೆಯಾಗುತ್ತದೆ. (ದೂರು ಕೊಟ್ಟವನೇ ಆ ಗಾಯದಿಂದ ತೀರಿಹೋದರೆ ಅದೇ ಕಾಗದ ಮರಣಪೂರ್ವ ಹೇಳಿಕೆಯಾಗಿ ಸಾಕ್ಷ್ಯದ ಸ್ಥಾನಕ್ಕೆ ಏರಬಹುದು. ನಿಮ್ಮ ವಿಷಯಕ್ಕೆ ಅದು ಬೇಡ.) ನಾಳೆ ನೀವು ಸಾಕ್ಷಿ ಹೇಳಲು ನಿಂತರೆ ಪಾಟೀ ಸವಾಲು ಹೀಗೆ ಹೋಗುತ್ತದೆ:

‘ಅಪಘಾತ ಆಗಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?’

‘ಇಲ್ಲ.’

‘ಕಾರಿನ ನಂಬರ್ ನಿಮಗೆ ಹೇಳಿದವರು ಯಾರು ಅಂತ ದೂರಿನಲ್ಲಿ ಬರೆಸಿದ್ದೀರಾ?’

‘ಇಲ್ಲ.’

‘ಬೈಕಲ್ಲಿ ಇಬ್ಬರು ಇದ್ದರು ಅಂತ ಬರೆಸಿದ್ದೀರಾ?’

‘ಇಲ್ಲ.’

‘ಮೂರು ದಿನ ಯೋಚನೆ ಮಾಡಿ, ಇನ್ಶೂರೆನ್ಸ್ ಇರೋ ಒಂದು ಕಾರು ಹುಡುಕಿ ಸೇರಿಸಿದ್ದೀರಿ ಅಂದ್ರೆ ಸರಿನಾ?’

ನಾಲ್ಕನೆಯದು ಬರೀ ಬೆದರಿಕೆಯ ಪ್ರಶ್ನೆಯಲ್ಲ. ಯಾವುದೋ ವಾಹನವನ್ನು ಆಮೇಲೆ ತಂದು ಕೇಸಿಗೆ ‘ಸೇರಿಸುವ’ ದಂಧೆ ನಿಜವಾಗಿಯೂ ಇದೆ. ಆದ್ದರಿಂದಲೇ ವಿಮಾ ಕಂಪನಿಯ ವಕೀಲರು ತಡವಾಗಿ ಬಂದ ದೂರನ್ನೆಲ್ಲ ಅನುಮಾನದಿಂದ ನೋಡುತ್ತಾರೆ. ಬೂದು ಕಾರು ಬಿಳಿಯಾದದ್ದಕ್ಕೆ ರಾತ್ರಿಯ ಬೆಳಕು ಉತ್ತರ ಹೇಳುತ್ತದೆ. ಎಫ್‌ಐಆರ್ ವಿಶ್ವಕೋಶವಲ್ಲ, ಎಲ್ಲ ವಿವರ ಅದರಲ್ಲಿ ಇರಬೇಕಿಲ್ಲ ಎಂದು ಮೇಲಿನ ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಆದರೆ ‘ನಂಬರ್ ಎಲ್ಲಿಂದ ಬಂತು’ ಎನ್ನುವ ಪ್ರಶ್ನೆಗೆ ನಿಮ್ಮ ಕಾಗದದಲ್ಲಿ ಸದ್ಯಕ್ಕೆ ಉತ್ತರವಿಲ್ಲ. ಕೇಸಿನಲ್ಲಿ ತೂತು ಇರುವುದು ಇಲ್ಲಿ.

ಮುಚ್ಚುವ ದಾರಿ ಇದೆ. ತನಿಖಾಧಿಕಾರಿ ಸಾಕ್ಷಿಗಳ ಹೇಳಿಕೆ ದಾಖಲಿಸುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 180ನೇ ಕಲಂ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 161 ಆಗಿತ್ತು, ಹಾಗಾಗಿ ಹಳಬರ ಬಾಯಲ್ಲಿ, ನನ್ನ ಬಾಯಲ್ಲೂ, ಇನ್ನೂ ‘161 ಹೇಳಿಕೆ’ಯೇ. ನಿಮ್ಮ ಮರು ಹೇಳಿಕೆ, ಅಣ್ಣನ ಹೇಳಿಕೆ, ಸ್ನೇಹಿತನ ಹೇಳಿಕೆ ಮೂರೂ ದಾಖಲಾಗಬೇಕು. ಠಾಣಾಧಿಕಾರಿಗೆ ಒಂದು ಪತ್ರ ಬರೆಯಿರಿ: ಎಫ್‌ಐಆರ್ ನಂಬರ್ ಹಾಕಿ, ದೂರು ಕೊಡುವ ಗಾಬರಿಯಲ್ಲಿ ಬಿಟ್ಟುಹೋದ ಸಂಗತಿ ಇವು, ಹಿಂದೆ ಕೂತಿದ್ದವರು ಇಂಥವರು, ನಂಬರ್ ನೋಡಿದವರು ಅವರೇ, ಬಣ್ಣ ಬೂದು, ಮೂರು ದಿನ ತಡವಾದದ್ದು ಆಪರೇಷನ್ ಕಾರಣದಿಂದ, ಹೇಳಿಕೆ ಪಡೆಯಿರಿ ಎಂದು. ಎರಡು ಪ್ರತಿ ಒಯ್ದು ಒಂದಕ್ಕೆ ಸೀಲು, ದಿನಾಂಕ ಹಾಕಿಸಿಕೊಂಡು ಬನ್ನಿ. ಸೀಲು ಹಾಕಲು ಗೊಣಗಿದರೆ ಅದೇ ಪತ್ರವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿ.

ಹೇಳಿಕೆ ಬರೆದುಕೊಂಡ ಮೇಲೆ ನಿಮ್ಮ ಸಹಿ ಕೇಳದಿದ್ದರೆ ಗಾಬರಿ ಬೀಳಬೇಡಿ. ಪೊಲೀಸರ ಮುಂದೆ ಕೊಟ್ಟ ಈ ಹೇಳಿಕೆಗೆ ಸಹಿ ಪಡೆಯಬಾರದು ಎಂದೇ ಕಾನೂನಿದೆ. ಅದು ಸಾಕ್ಷ್ಯವೂ ಅಲ್ಲ, ಸಾಕ್ಷಿ ಕೋರ್ಟಿನಲ್ಲಿ ಬೇರೆ ಮಾತಾಡಿದರೆ ‘ಅಂದು ಹೀಗೆ ಹೇಳಿರಲಿಲ್ಲವಲ್ಲ’ ಎಂದು ಕೇಳಲಿಕ್ಕೆ ಮಾತ್ರ. ಆದ್ದರಿಂದ ಸ್ನೇಹಿತನಿಗೆ ಪಾಠ ಹೇಳಿಕೊಡಬೇಡಿ. ನಂಬರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ನೋಡಿದ್ದರೆ ಅಷ್ಟನ್ನೇ ಹೇಳಲಿ.

ತಡದ ವಿಚಾರ ಇನ್ನೊಂದು ಮಾತು. ಎಫ್‌ಐಆರ್‌ನಲ್ಲಿ ತಡಕ್ಕೆ ಕಾರಣ ಬರೆಯುವ ಜಾಗವನ್ನು ಈಗಲೇ ತೆಗೆದು ನೋಡಿ. ಎಷ್ಟೋ ಬಾರಿ ಅದು ಖಾಲಿ ಬಿದ್ದಿರುತ್ತದೆ. ಕೊಲೆ, ಹೊಡೆದಾಟದ ಕೇಸುಗಳಲ್ಲಿ ತಡವನ್ನು ಕೋರ್ಟುಗಳು ಕಟುವಾಗಿ ನೋಡುತ್ತವೆ. ಅಪಘಾತದ ಪರಿಹಾರದ ಅರ್ಜಿಯಲ್ಲಿ ಹಾಗಲ್ಲ. ಮನೆಯವರು ಮೊದಲು ಗಾಯಾಳುವನ್ನು ನೋಡುತ್ತಾರೆಯೇ ಹೊರತು ಠಾಣೆಗೆ ಓಡುವುದಿಲ್ಲ, ತಡವೊಂದನ್ನೇ ಹಿಡಿದು ಪರಿಹಾರ ನಿರಾಕರಿಸಬಾರದು ಎಂಬ ಧೋರಣೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ, ರವಿ ವಿರುದ್ಧ ಬದರಿನಾರಾಯಣ ಪ್ರಕರಣದಲ್ಲಿ ತಳೆದಿದೆ. ಆಪರೇಷನ್ ದಿನಾಂಕವಿರುವ ಡಿಸ್ಚಾರ್ಜ್ ಸಮ್ಮರಿ ನಿಮ್ಮ ಉತ್ತರ.

ಅದಕ್ಕಿಂತ ಮುಖ್ಯವಾದ ಕಾಗದ ಒಂದಿದೆ, ಜನ ಅದನ್ನು ನೋಡುವುದೇ ಇಲ್ಲ. ಅಪಘಾತದ ಗಾಯಾಳು ಆಸ್ಪತ್ರೆಗೆ ಬಂದ ಕೂಡಲೇ ಡ್ಯೂಟಿ ಡಾಕ್ಟರು ಎಂಎಲ್‌ಸಿ (ಪೊಲೀಸ್ ಕೇಸಾಗಬಹುದಾದ ಗಾಯಗಳ) ರಿಜಿಸ್ಟರ್‌ನಲ್ಲಿ ಗಾಯ ಹೇಗಾಯಿತು ಎಂದು ಒಂದೆರಡು ಸಾಲು ಬರೆಯುತ್ತಾರೆ. ಎಫ್‌ಐಆರ್‌ಗಿಂತ ಮೂರು ದಿನ ಮೊದಲೇ ಹುಟ್ಟಿದ ಮಾತು ಅದು. ‘ಕಾರು ಡಿಕ್ಕಿ’ ಎಂದಿದ್ದರೆ ನಿಮ್ಮ ಕೇಸಿನ ಅರ್ಧ ಭಾರ ಇಳಿದಂತೆ. ‘ಬೈಕಿನಿಂದ ಬಿದ್ದು’ ಎಂದಷ್ಟೇ ಇದ್ದರೆ ವಿಮಾ ಕಂಪನಿಯವರು ಎಫ್‌ಐಆರ್ ಪಕ್ಕಕ್ಕಿಟ್ಟು ಆ ರಿಜಿಸ್ಟರನ್ನೇ ಕೋರ್ಟಿಗೆ ತರಿಸುತ್ತಾರೆ. ಗಾಯಾಳುವನ್ನು ಎತ್ತಿಕೊಂಡು ಬಂದ ದಾರಿಹೋಕ ‘ಗಾಡಿಯಿಂದ ಬಿದ್ದವ್ರೆ’ ಅಂದಿರುತ್ತಾನೆ, ಡಾಕ್ಟರು ಕೇಳಿದ್ದನ್ನು ಬರೆದಿರುತ್ತಾರೆ. ಯಾರದೂ ತಪ್ಪಲ್ಲ, ಆದರೆ ಆ ಮಾತು ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ. ಅಲ್ಲಿ ಏನಿದೆ ಎಂದು ಈಗಲೇ ತಿಳಿದುಕೊಳ್ಳಿ. ಬದಲಾಯಿಸಲು ಹೋಗಬೇಡಿ, ತಿಳಿದಿರಿ ಅಷ್ಟೆ.

ಇನ್ನು ಸ್ಥಳ ಮಹಜರು, ಅಂದರೆ ಪೊಲೀಸರು ಜಾಗ ನೋಡಿ ಬರೆಯುವ ವರದಿ, ಮತ್ತು ನಕ್ಷೆ. ರಸ್ತೆಯ ಅಗಲ, ಬೈಕು ಬಿದ್ದಿದ್ದ ಜಾಗ, ಗಾಜಿನ ಚೂರು, ಬ್ರೇಕಿನ ಗುರುತು ಎಲ್ಲ ಬರುವುದು ಅದರಲ್ಲಿ. ಇಬ್ಬರು ಪಂಚರು, ಅಂದರೆ ಅದಕ್ಕೆ ಸಾಕ್ಷಿಯಾಗಿ ಕರೆದ ಹೊರಗಿನವರು, ಸಹಿ ಹಾಕುತ್ತಾರೆ. ನಾನು ಜೂನಿಯರ್ ಆಗಿದ್ದಾಗಿನ ಒಂದು ಪ್ರಸಂಗ ಹೇಳುತ್ತೇನೆ. ರಸ್ತೆ ಬದಿ ಟೀ ಕುಡಿಯುತ್ತಾ ನಿಂತಿದ್ದೆ, ಪರಿಚಯದ ಪೇದೆಯೊಬ್ಬರು ‘ವಕೀಲ್ರೇ, ಒಂದು ಸಹಿ’ ಎಂದರು. ಲೋಟ ಕೈಯಲ್ಲಿ ಹಿಡಿದೇ ಹಾಕಿದೆ. ನಾಲ್ಕು ವರ್ಷದ ಮೇಲೆ ಸಮನ್ಸ್ ಬಂತು. ‘ಮಹಜರು ಮಾಡಿದ ಜಾಗದಲ್ಲಿ ರಸ್ತೆ ತಿರುವಿತ್ತೋ ನೇರ ಇತ್ತೋ?’ ಎಂದು ಕೇಳಿದರು. ನನಗೆ ನೆನಪಿದ್ದದ್ದು ಟೀ ಮಾತ್ರ. ದಿನಾ ಕರಿಕೋಟು ಹಾಕಿಕೊಂಡು ಓಡಾಡುವ ಕೋರ್ಟಿನಲ್ಲಿ ತಲೆತಗ್ಗಿಸಿ ನಿಂತೆ. ಓದದೆ ಸಹಿ ಹಾಕಿದ್ದಕ್ಕೆ ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ. ಅಂದ ಹಾಗೆ, ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡ ಮೇಲೆ ಓದಿ ಹೇಳಬೇಕಾದದ್ದು ಠಾಣೆಯವರ ಕರ್ತವ್ಯ.

ಎರಡೂ ವಾಹನಗಳನ್ನು ಆರ್‌ಟಿಒ ಕಡೆಯ ಮೋಟಾರು ವಾಹನ ನಿರೀಕ್ಷಕರು ಪರೀಕ್ಷಿಸಿ ಕೊಡುವ ವರದಿಗೆ ಕೋರ್ಟಿನ ಭಾಷೆಯಲ್ಲಿ ಐಎಂವಿ ರಿಪೋರ್ಟ್ ಎನ್ನುತ್ತೇವೆ. ಬೈಕಿನ ಹಿಂದಿನ ಮಡ್‌ಗಾರ್ಡ್ ಒಳಗೆ ಹೋಗಿದೆ, ಕಾರಿನ ಮುಂದಿನ ಬಂಪರ್ ಒಡೆದಿದೆ ಎಂದು ಎರಡೂ ಕಡೆ ತಾಳೆಯಾದರೆ ‘ಕಾರು ಸೇರಿಸಿದ್ದಾರೆ’ ಎನ್ನುವ ವಾದ ನಿಲ್ಲುವುದು ಕಷ್ಟ. ಬೈಕನ್ನು ರಿಪೇರಿಗೆ ಕೊಟ್ಟಿದ್ದೀರಾ? ಪರೀಕ್ಷೆ ಆಗುವ ತನಕ ಕೊಡಬೇಡಿ.

ನಿಮ್ಮ ಎರಡನೇ ಪ್ರಶ್ನೆ, ‘ಪೊಲೀಸ್ ರಿಪೋರ್ಟ್’ ಅಂದರೆ ಯಾವುದು? ಕಾನೂನಿನ ವ್ಯಾಖ್ಯೆ ಕೇಳಿದರೆ ನಗು ಬರಬಹುದು. ಕಾನೂನಿನಲ್ಲಿ ‘ಪೊಲೀಸ್ ವರದಿ’ ಎಂದರೆ ಎಫ್‌ಐಆರ್ ಅಲ್ಲವೇ ಅಲ್ಲ. ತನಿಖೆ ಮುಗಿಸಿ ಅದೇ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ ಅಡಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುವ ಅಂತಿಮ ವರದಿ ಅದು. ಪತ್ರಿಕೆಗಳಲ್ಲಿ ಬರುವ ‘ದೋಷಾರೋಪ ಪಟ್ಟಿ’ ಅದರ ಒಂದು ಬಗೆ. ವಿಮಾ ಕಚೇರಿಯ ಗುಮಾಸ್ತರು ಆ ಅರ್ಥದಲ್ಲಿ ಹೇಳಿರುವುದಿಲ್ಲ. ಬೈಕ್ ರಿಪೇರಿ ಕ್ಲೇಮಿಗಾದರೆ ಅವರಿಗೆ ಸಾಮಾನ್ಯವಾಗಿ ಎಫ್‌ಐಆರ್ ಪ್ರತಿ ಸಾಕು. ಗಾಡಿ ಕಳುವಾದವರಿಗಾದರೆ ಪತ್ತೆಯಾಗಲಿಲ್ಲ ಎನ್ನುವ ಅಂತಿಮ ವರದಿಯೂ ಬೇಕು ಎನ್ನುತ್ತಾರೆ. ಯಾವ ಕಾಗದ ಬೇಕು ಎಂದು ಇಮೇಲಿನಲ್ಲಿ ಕೇಳಿ ಬರವಣಿಗೆಯಲ್ಲಿ ಪಡೆಯಿರಿ. ಇಲ್ಲವಾದರೆ ಕೌಂಟರಿನಿಂದ ಠಾಣೆಗೆ, ಠಾಣೆಯಿಂದ ಕೌಂಟರಿಗೆ ಅಲೆದಾಟ.

ಅಣ್ಣನ ಗಾಯಕ್ಕೆ ಪರಿಹಾರ ಬೇರೆ ದಾರಿ, ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. 2022ರ ಏಪ್ರಿಲ್‌ನಿಂದ ಬಂದ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಅಪಘಾತದ ಮೊದಲ ವರದಿ, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿ ಎಂದು ಪರಿಗಣಿಸಲು ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿದೆ. ಅದನ್ನೇ ನಂಬಿ ಕೂರಬೇಡಿ ಎಂಬುದು ನನ್ನ ಸಲಹೆ. ನೀವೇ ಅರ್ಜಿ ಹಾಕಿ. ಕಾಯ್ದೆಯಲ್ಲಿ ಅಪಘಾತದ ದಿನದಿಂದ ಆರು ತಿಂಗಳ ವಾಯಿದೆ ಬರೆದಿದ್ದಾರೆ. ಅದನ್ನು ಪ್ರಶ್ನಿಸಿ ಜನ ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ ನಿಜ, ಆದರೆ ಬೇರೆಯವರ ಅರ್ಜಿ ನೆಚ್ಚಿಕೊಂಡು ನೀವೇಕೆ ತಡಮಾಡಬೇಕು?

ಎಫ್‌ಐಆರ್‌ನಲ್ಲಿ ಹಾಕಿರುವ ಕಲಂಗಳನ್ನು ನೋಡಿ ‘ಸಣ್ಣ ಸೆಕ್ಷನ್ ಹಾಕಿ ಕೈತೊಳೆದುಕೊಂಡರು’ ಎಂದು ಅನೇಕರು ಕೊರಗುತ್ತಾರೆ. ಮೊದಲ ದಿನ ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281, ಸಾಮಾನ್ಯ ಗಾಯಕ್ಕೆ 125(ಎ) ಹಾಕಿರಬಹುದು. ಮೂಳೆ ಮುರಿತ ಕಾನೂನಿನಲ್ಲಿ ತೀವ್ರ ಗಾಯ. ಆಸ್ಪತ್ರೆಯ ಗಾಯದ ಪ್ರಮಾಣಪತ್ರ ಬಂದ ಮೇಲೆ ಅದು 125(ಬಿ) ಆಗಬೇಕು, ಶಿಕ್ಷೆ ಆರು ತಿಂಗಳಿದ್ದದ್ದು ಮೂರು ವರ್ಷದವರೆಗೆ ಏರುತ್ತದೆ. ನಿಲ್ಲಿಸದೆ ಹೋದದ್ದಕ್ಕೆ ಮೋಟಾರು ವಾಹನ ಕಾಯ್ದೆಯ 134 ಮತ್ತು 187 ಬಂದಿದೆಯೇ ನೋಡಿ. ಕಲಂ ಸೇರಿಸುವುದು, ಕೈಬಿಡುವುದು ತನಿಖೆಯುದ್ದಕ್ಕೂ ನಡೆಯುತ್ತದೆ.

ಬಿ ರಿಪೋರ್ಟಿನ ಬೆದರಿಕೆಗೆ ಬರೋಣ. ನಮ್ಮ ರಾಜ್ಯದ ರೂಢಿಯಲ್ಲಿ ಪ್ರಕರಣ ಸುಳ್ಳು ಅಥವಾ ಅಪರಾಧವೇ ಆಗಿಲ್ಲ ಎಂದಾದರೆ ಬಿ ರಿಪೋರ್ಟ್, ಅಪರಾಧ ಆಗಿದೆ ಆದರೆ ಮಾಡಿದವರು ಪತ್ತೆಯಿಲ್ಲ ಎಂದಾದರೆ ಸಿ ರಿಪೋರ್ಟ್. ಅದನ್ನು ‘ಹಾಕಿಸುವ’ ಅಧಿಕಾರ ಕಾರಿನವರಿಗಿಲ್ಲ. ತನಿಖಾಧಿಕಾರಿ ಸಲ್ಲಿಸಬಹುದು, ಒಪ್ಪುವುದು ಬಿಡುವುದು ಮ್ಯಾಜಿಸ್ಟ್ರೇಟರಿಗೆ ಬಿಟ್ಟದ್ದು. ಒಪ್ಪುವ ಮುಂಚೆ ದೂರುದಾರನಿಗೆ ನೋಟಿಸ್ ಕೊಟ್ಟು ಮಾತು ಕೇಳಲೇಬೇಕು ಎಂದು 1985ರ ಭಗವಂತ್ ಸಿಂಗ್ ತೀರ್ಪು ಹೇಳುತ್ತದೆ. ಆಗ ಪ್ರೊಟೆಸ್ಟ್ ಪಿಟಿಷನ್, ಅಂದರೆ ಆ ವರದಿಗೆ ಆಕ್ಷೇಪಣೆಯ ಅರ್ಜಿ, ಹಾಕಬಹುದು. ಆದ್ದರಿಂದ ಎಫ್‌ಐಆರ್‌ನಲ್ಲಿ ನಿಮ್ಮ ವಿಳಾಸ ಸರಿಯಿದೆಯೇ ನೋಡಿಕೊಳ್ಳಿ. ಹಳೇ ಮನೆಯ ವಿಳಾಸಕ್ಕೆ ನೋಟಿಸ್ ಹೋಗಿ, ಬಾಗಿಲು ಹಾಕಿತ್ತು ಎಂದು ವಾಪಸ್ ಬಂದು, ಕೇಸು ಸದ್ದಿಲ್ಲದೆ ಮುಗಿದದ್ದನ್ನು ನಾನು ಕಂಡಿದ್ದೇನೆ. ಕಾರಿನ ಬಣ್ಣಕ್ಕಿಂತ ಮನೆಯ ನಂಬರ್ ದೊಡ್ಡದು.

ಚಾರ್ಜ್‌ಶೀಟ್ ಬಂದರೂ ಗೆದ್ದಂತಲ್ಲ, ಅದು ಪೊಲೀಸರ ಅಭಿಪ್ರಾಯ ಮಾತ್ರ. ಆದರೆ ನ್ಯಾಯಮಂಡಳಿಯ ಅಳತೆಗೋಲು ಕ್ರಿಮಿನಲ್ ಕೋರ್ಟಿನಷ್ಟು ಬಿಗಿಯಲ್ಲ. ಅಲ್ಲಿ ಎಳ್ಳಷ್ಟೂ ಸಂಶಯವಿಲ್ಲದಂತೆ ಸಾಬೀತಾಗಬೇಕಿಲ್ಲ, ಯಾರ ಮಾತು ಹೆಚ್ಚು ಸಂಭವನೀಯ ಎಂದು ತೂಗುತ್ತಾರೆ. ಚಾಲಕ ಕ್ರಿಮಿನಲ್ ಕೇಸಿನಲ್ಲಿ ಬಿಡುಗಡೆಯಾದರೂ ಪರಿಹಾರ ಸಿಕ್ಕ ಉದಾಹರಣೆಗಳಿವೆ. ಇನ್ನೊಂದು, ಇಂಥ ಕೇಸುಗಳಲ್ಲಿ ಎಷ್ಟೋ ಚಾಲಕರು ಅಲೆದಾಟ ಬೇಡವೆಂದು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗುತ್ತಾರೆ. ಹಾಗಾದರೆ ಆ ಆದೇಶದ ದೃಢೀಕೃತ ನಕಲು ತೆಗೆದಿಡಿ, ನಿಮ್ಮ ಅರ್ಜಿಗೆ ಬಲ ಬರುತ್ತದೆ.

ಪ್ರತಿಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಎಫ್‌ಐಆರ್ ಪ್ರತಿ ದೂರುದಾರನಿಗೂ ಸಂತ್ರಸ್ತನಿಗೂ ಉಚಿತ, ‘ಜೆರಾಕ್ಸ್ ಖರ್ಚು’ ಕೂಡ ಕೊಡಬೇಕಿಲ್ಲ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕು ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ. ಚಾರ್ಜ್‌ಶೀಟಿಗೆ ಈ ನಿಯಮವಿಲ್ಲ, ಅದು ಸಾರ್ವಜನಿಕ ದಾಖಲೆಯಲ್ಲ ಎಂದು 2023ರಲ್ಲಿ ಅದೇ ಕೋರ್ಟ್ ಹೇಳಿತು. ಅದರ ನಕಲನ್ನು ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ವಕೀಲರ ಮೂಲಕ ಪಡೆಯಬೇಕು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರನಿಗೆ ತಿಳಿಸುವ ಹೊಣೆ ಈಗ ಪೊಲೀಸರ ಮೇಲಿದೆ. ಅವರು ತಿಳಿಸದಿದ್ದರೆ ನೀವೇ ಹೋಗಿ ಕೇಳಿ.

ಕೊನೆಗೆ ಆ ಸ್ನೇಹಿತನ ವಿಚಾರ. ಅವನಿಗೆ ತರಚು ಗಾಯ ಎಂದಿರಿ. ಅದೇ ರಾತ್ರಿ ಅದೇ ಆಸ್ಪತ್ರೆಯಲ್ಲಿ ಅವನಿಗೂ ಟಿಟಿ ಇಂಜೆಕ್ಷನ್ ಕೊಟ್ಟು, ಡ್ರೆಸ್ಸಿಂಗ್ ಮಾಡಿ ಕಳಿಸಿರುತ್ತಾರೆ. ಅವನ ಹೆಸರಿನ ಹೊರರೋಗಿ ಚೀಟಿ, ಅದರ ಮೇಲಿನ ಸಮಯ, ಬಿಲ್ಲು ಏನಿದ್ದರೂ ಹುಡುಕಿಸಿ. ಅವನು ಕಳೆದುಕೊಂಡಿದ್ದರೆ ಆಸ್ಪತ್ರೆಯ ರೆಕಾರ್ಡ್ ಸೆಕ್ಷನ್‌ನಲ್ಲಿ ಅರ್ಜಿ ಕೊಟ್ಟು ನಕಲು ತೆಗೆಸಿ. ಆ ರಾತ್ರಿ ಅವನು ಬೈಕಿನ ಮೇಲಿದ್ದ ಎಂದು ಹೇಳಲು ಎಫ್‌ಐಆರ್‌ಗಿಂತ ಮೂರು ದಿನ ಹಳೆಯದಾದ ಕಾಗದ ಅದೊಂದೇ. ಠಾಣೆಗೆ ಕೊಡುವ ಪತ್ರದ ಜೊತೆ ಅದರ ನಕಲನ್ನೂ ಲಗತ್ತಿಸಿ, ಮೂಲ ನಿಮ್ಮ ಹತ್ತಿರವೇ ಇರಲಿ.